ಅಮೆರಿಕದ ಅಧ್ಯಕ್ಷೀಯ ಪ್ರೈಮರಿ: ಮಾಧ್ಯಮದ ತಕ್ಕಡಿ, ಪಕ್ಷದ ಒಗ್ಗಟ್ಟು (ಪದೇ ಪದೇ ಕೇಳುವ ಪ್ರಶ್ನೆಗಳು)

ಅಮೆರಿಕದ ಪಕ್ಷಗಳು ತಮ್ಮ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಬಂತೆಂದರೆ, ನಾಲ್ಕು ವರ್ಷಕ್ಕೊಮ್ಮೆ ಇದೇ ಜಗಳ. ಹಿಂದೆ ಬಿದ್ದ ಅಭ್ಯರ್ಥಿಯ ಬೆಂಬಲಿಗರು ಟೀವಿ ಚಾನೆಲ್‌ಗಳನ್ನು ಬೈಯುತ್ತಾರೆ. ಮುಂದಿರುವವರ ಬೆಂಬಲಿಗರು ‘ಸಾಕು, ಇನ್ನು ಎಲ್ಲರೂ ಒಂದಾಗಿ’ ಎನ್ನುತ್ತಾರೆ. ಎರಡೂ ಒಂದೇ ಬಳ್ಳಿಯ ಕಾಯಿ. ಆಟ ನೇರವಾಗಿ ನಡೆಯಿತು ಎಂದು ಸೋತವರಿಗೆ ಅನ್ನಿಸದಿದ್ದರೆ ಒಗ್ಗಟ್ಟಿನ ಕರೆ ಗಾಯಕ್ಕೆ ಉಪ್ಪು ಸವರಿದಂತೆ. ಇಲ್ಲಿನ ಉತ್ತರಗಳು ಹೆಚ್ಚಾಗಿ ಡೆಮಾಕ್ರಟಿಕ್ ಪಕ್ಷದ 2008 (ಬರಾಕ್ ಒಬಾಮಾ, ಹಿಲರಿ ಕ್ಲಿಂಟನ್) ಮತ್ತು 2016ರ (ಹಿಲರಿ ಕ್ಲಿಂಟನ್, ಬರ್ನಿ ಸ್ಯಾಂಡರ್ಸ್) ಸ್ಪರ್ಧೆಗಳ ಸುತ್ತ ಇವೆ. ರಿಪಬ್ಲಿಕನ್ನರ ವಿಷಯ ಬೇಕಾದಲ್ಲಿ ಬರುತ್ತದೆ.

ಪ್ರೈಮರಿ ಪಕ್ಷದ ಒಳಗಿನ ವಿಚಾರವೇ, ಸರ್ಕಾರಿ ಚುನಾವಣೆಯೇ?

ಎರಡೂ. ನಮ್ಮಲ್ಲಿ ಟಿಕೆಟ್ ಯಾರಿಗೆ ಎಂದು ಹೈಕಮಾಂಡ್ ತೀರ್ಮಾನಿಸಿ ಬಿ ಫಾರಂ ಕೊಡುತ್ತದೆ. ಅಲ್ಲಿ ಟಿಕೆಟ್ ಕೊಡುವವರು ಮತದಾರರೇ, ಆದರೆ ನೇರವಾಗಿ ಅಲ್ಲ. ಪ್ರತಿ ರಾಜ್ಯದಲ್ಲೂ ಬಿದ್ದ ಮತಗಳ ಮೇಲೆ ಡೆಲಿಗೇಟ್‌ಗಳ (ಪ್ರತಿನಿಧಿಗಳ) ಹಂಚಿಕೆ ಆಗುತ್ತದೆ. ಬೇಸಿಗೆಯಲ್ಲಿ ನಡೆಯುವ ಮಹಾಧಿವೇಶನದಲ್ಲಿ ಆ ಡೆಲಿಗೇಟ್‌ಗಳು ಅಭ್ಯರ್ಥಿಯನ್ನು ಆರಿಸುತ್ತಾರೆ. ಪ್ರೈಮರಿಯ ಮತಗಟ್ಟೆ ನಡೆಸುವುದು ಸಾಮಾನ್ಯವಾಗಿ ರಾಜ್ಯ ಸರ್ಕಾರ. ಕಾಕಸ್ ಎಂಬ ಸಭೆಗಳನ್ನು ನಡೆಸುವುದು ಪಕ್ಷ. ಡೆಲಿಗೇಟ್ ಲೆಕ್ಕದ ನಿಯಮ ರಾಷ್ಟ್ರೀಯ ಸಮಿತಿಯದು. ಡಿಬೇಟ್ ವೇದಿಕೆಯನ್ನು ಸಮಿತಿಯೂ ಚಾನೆಲ್ಲೂ ಸೇರಿ ಹಾಕುತ್ತವೆ.

ಹಾಗಾಗಿ ‘ಅನ್ಯಾಯ’ ಎನ್ನುವ ಮೊದಲು ಯಾರಿಂದ ಎಂದು ಕೇಳಿಕೊಳ್ಳಬೇಕು. ನ್ಯೂಯಾರ್ಕ್‌ನ 2016ರ ಪ್ರೈಮರಿ ನಡೆದದ್ದು ಏಪ್ರಿಲ್ 19ರಂದು. ಅಲ್ಲಿ ಆಯಾ ಪಕ್ಷಕ್ಕೆ ನೋಂದಾಯಿಸಿಕೊಂಡವರಿಗಷ್ಟೇ ಪ್ರೈಮರಿ ಮತ; ಅದಕ್ಕಾಗಿ ಈಗಾಗಲೇ ನೋಂದಾಯಿತ ಮತದಾರರು ಪಕ್ಷ ಬದಲಿಸಿಕೊಳ್ಳುವ ಗಡುವು 2015ರ ಅಕ್ಟೋಬರ್ 9ಕ್ಕೇ ಮುಗಿದಿತ್ತು. ಬರ್ನಿ ಸ್ಯಾಂಡರ್ಸ್ ಬೆಂಬಲಿಗರು ಇದನ್ನು ಪಕ್ಷದ ಸಂಚು ಎಂದರು, ಆದರೆ ಅದು ರಾಜ್ಯದ ಹಳೆಯ ಕಾನೂನು. ಡೊನಾಲ್ಡ್ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಕೂಡ ಗಡುವು ತಪ್ಪಿಸಿಕೊಂಡು ಅಪ್ಪನಿಗೇ ಮತ ಹಾಕಲಾಗದೆ ಉಳಿದರು. 2019ರಲ್ಲಿ ರಾಜ್ಯ ಆ ಕಾನೂನನ್ನು ತಿದ್ದಿತು.

ಎಲ್ಲ ಅಭ್ಯರ್ಥಿಗಳಿಗೂ ಸಮಾನ ಸಮಯ ಕೊಡಬೇಕು ಎಂಬ ಕಾನೂನು ಇಲ್ಲವೇ?

ಇದೆ, ಆದರೆ ಜನ ಅಂದುಕೊಂಡಷ್ಟು ಅಗಲದ್ದಲ್ಲ. 1934ರ ಸಂವಹನ ಕಾಯ್ದೆಯ 315ನೇ ಸೆಕ್ಷನ್ ಪ್ರಕಾರ, ಲೈಸೆನ್ಸ್ ಪಡೆದ ರೇಡಿಯೊ ಅಥವಾ ಟೀವಿ ಕೇಂದ್ರ ಒಬ್ಬ ಅಭ್ಯರ್ಥಿಗೆ ಸಮಯ ಕೊಟ್ಟರೆ ಅದೇ ಸ್ಥಾನಕ್ಕೆ ನಿಂತ ಉಳಿದವರಿಗೂ ಅಷ್ಟೇ ಅವಕಾಶ ಕೊಡಬೇಕು. 1959ರ ತಿದ್ದುಪಡಿ ವಾರ್ತೆ, ವಾರ್ತಾ ಸಂದರ್ಶನ, ಸಾಕ್ಷ್ಯಚಿತ್ರ, ಘಟನೆಯ ಸ್ಥಳದಿಂದ ಮಾಡುವ ವರದಿ ಈ ನಾಲ್ಕನ್ನು ಹೊರಗಿಟ್ಟಿತು. 1975ರಲ್ಲಿ ಡಿಬೇಟ್‌ಗಳೂ ಈ ಕೊನೆಯ ಬಾಬ್ತಿಗೆ ಸೇರಿದವು. ಅಂದರೆ ಜನ ದೂರುವ ಬಹುಪಾಲು ಪ್ರಸಾರ ಕಾನೂನಿನ ಹೊರಗೇ ಉಳಿಯಿತು.

ಮನರಂಜನೆಯ ಕಾರ್ಯಕ್ರಮಗಳಲ್ಲಿ ಮಾತ್ರ ಈ ಕಾನೂನಿಗೆ ಹಲ್ಲಿದೆ. 2015ರ ನವೆಂಬರ್ 7ರಂದು ಟ್ರಂಪ್ ಎನ್‌ಬಿಸಿಯ ‘ಸ್ಯಾಟರ್ಡೇ ನೈಟ್ ಲೈವ್’ ನಡೆಸಿಕೊಟ್ಟರು, ತೆರೆಯ ಮೇಲೆ ಇದ್ದದ್ದು ಸುಮಾರು 12 ನಿಮಿಷ. ಅರ್ಜಿ ಹಾಕಿದ ಕೆಲವು ರಿಪಬ್ಲಿಕನ್ ಪ್ರತಿಸ್ಪರ್ಧಿಗಳಿಗೆ ಎನ್‌ಬಿಸಿ ಅಷ್ಟೇ ನಿಮಿಷ ಬಿಟ್ಟುಕೊಟ್ಟಿತು. ಇಲ್ಲಿ ಎಡವುವ ಜಾಗಗಳು ಎರಡು. ಪ್ರಸಾರವಾದ 7 ದಿನದೊಳಗೆ ಬೇಡಿಕೆ ಸಲ್ಲಿಸಬೇಕು. ತಡವಾದರೆ ಹಕ್ಕು ಹೋಯಿತು. ಬೇಡಿಕೆ ಸಲ್ಲಿಸುವವರು ಆ ರಾಜ್ಯದಲ್ಲಿ ಕಾನೂನಿನ ಪ್ರಕಾರ ಅರ್ಹ ಅಭ್ಯರ್ಥಿ ಆಗಿರಬೇಕು. ಬರೀ ಪತ್ರಿಕಾಗೋಷ್ಠಿ ಕರೆದು ಘೋಷಿಸಿಕೊಂಡರೆ ಸಾಲದು.

ಸಿಎನ್‌ಎನ್, ಫಾಕ್ಸ್ ನ್ಯೂಸ್, ಎಂಎಸ್ ನೌ (2025ರವರೆಗೆ ಎಂಎಸ್‌ಎನ್‌ಬಿಸಿ) ಇಂಥ ಕೇಬಲ್ ಜಾಲಗಳಿಗೆ ಈ ನಿಯಮ ವ್ಯವಹಾರದಲ್ಲಿ ಅನ್ವಯವಾಗುವುದಿಲ್ಲ. ಪತ್ರಿಕೆ, ಯೂಟ್ಯೂಬ್, ಪಾಡ್‌ಕಾಸ್ಟ್‌ಗೆ ಮೊದಲೇ ಇಲ್ಲ.

ಹಿಂದೆ ‘ಫೇರ್‌ನೆಸ್ ಡಾಕ್ಟ್ರಿನ್’ ಇತ್ತಲ್ಲ? ಅದನ್ನು ತೆಗೆದದ್ದೇ ತೊಂದರೆಯೇ?

1949ರಿಂದ 1987ರವರೆಗೆ ಇತ್ತು. ಅದು ಅಭ್ಯರ್ಥಿಗಳ ನಿಮಿಷ ಎಣಿಸುತ್ತಿರಲಿಲ್ಲ. ವಿವಾದದ ವಿಷಯಗಳಲ್ಲಿ ಎರಡೂ ಕಡೆಯ ಮಾತು ಬರಲಿ ಎಂಬುದಷ್ಟೇ ಅದರ ಆಶಯ, ಅದೂ ಪ್ರಸಾರ ಕೇಂದ್ರಗಳಿಗೆ ಮಾತ್ರ. ಅದು ಇಂದಿಗೂ ಇದ್ದಿದ್ದರೂ ಕೇಬಲ್ ಚಾನೆಲ್‌ಗಳ ಪ್ರೈಮರಿ ವರದಿಗೆ ಬಾಧಕವಿರುತ್ತಿರಲಿಲ್ಲ.

ಒಂದು ಚಾನೆಲ್ ಪಕ್ಷಪಾತಿ ಎಂದು ಅಳೆಯುವುದು ಹೇಗೆ?

ಮೊದಲು ನಿಮಿಷವನ್ನೂ ಧಾಟಿಯನ್ನೂ ಬೇರೆ ಮಾಡಿಕೊಳ್ಳಿ. ಇವೆರಡನ್ನು ಕಲಸಿದರೆ ಪ್ರತಿಯೊಬ್ಬರಿಗೂ ತಮಗೆ ಬೇಕಾದ ಉತ್ತರವೇ ಸಿಗುತ್ತದೆ.

2015ರ ಉದಾಹರಣೆ ತೆಗೆದುಕೊಳ್ಳಿ. ಎಬಿಸಿ, ಸಿಬಿಎಸ್, ಎನ್‌ಬಿಸಿಗಳ ಸಂಜೆಯ ವಾರ್ತೆಯನ್ನು ನಿಮಿಷ ಹಿಡಿದು ಎಣಿಸುವ ಟಿಂಡಾಲ್ ರಿಪೋರ್ಟ್ ಪ್ರಕಾರ ಇಡೀ ವರ್ಷದಲ್ಲಿ ಟ್ರಂಪ್ ಪ್ರಚಾರಕ್ಕೆ ಸಿಕ್ಕಿದ್ದು 327 ನಿಮಿಷ, ಹಿಲರಿ ಕ್ಲಿಂಟನ್ ಅವರಿಗೆ 121, ಸ್ಯಾಂಡರ್ಸ್ ಅವರಿಗೆ ಸುಮಾರು 20. ಸ್ಯಾಂಡರ್ಸ್ ಕಡೆಯವರ ಸಿಟ್ಟಿಗೆ ಇಷ್ಟು ಸಾಕು. ಆದರೆ ಹಾರ್ವರ್ಡ್‌ನ ಶೋರೆನ್‌ಸ್ಟೈನ್ ಕೇಂದ್ರ ಅದೇ ವರ್ಷದ ವರದಿಗಳ ಧಾಟಿಯನ್ನು ಅಳೆದಾಗ ಬಂದ ಫಲಿತಾಂಶ ತಿರುಗುಮುರುಗಾಗಿತ್ತು: ಎರಡೂ ಪಕ್ಷಗಳ ಪ್ರಮುಖ ಅಭ್ಯರ್ಥಿಗಳಲ್ಲಿ ಅತಿ ಹೆಚ್ಚು ನಕಾರಾತ್ಮಕ ವರದಿ ಕ್ಲಿಂಟನ್ ಅವರದು, ಅತಿ ಅನುಕೂಲಕರ ವರದಿ ಸ್ಯಾಂಡರ್ಸ್ ಅವರದು. ಒಬ್ಬರನ್ನು ಹೆಚ್ಚು ತೋರಿಸಿ ಬೈದರು, ಇನ್ನೊಬ್ಬರನ್ನು ಹೊಗಳಿ ತೋರಿಸಲೇ ಇಲ್ಲ. ಇಬ್ಬರ ದೂರೂ ನಿಜವೇ.

ಮನೆಯಲ್ಲೇ ಎಣಿಸುವವರಿಗೆ ಹೀಗೆ ಸೂಚಿಸುತ್ತೇವೆ. ಒಂದೇ ಹೊತ್ತಿನ ಮೂರು ವಾರ್ತಾ ಕಾರ್ಯಕ್ರಮ ಆರಿಸಿ, ಎರಡು ವಾರ ಬಿಡದೆ ನೋಡಿ. ಪ್ರತಿ ಸುದ್ದಿಗೆ ಒಂದು ಸಾಲು: ಎಷ್ಟು ಸೆಕೆಂಡು, ಎಷ್ಟನೇ ಸುದ್ದಿ, ಅಭ್ಯರ್ಥಿ ಸ್ವಂತ ದನಿಯಲ್ಲಿ ಎಷ್ಟು ಹೊತ್ತು ಮಾತಾಡಿದರು, ವಿಷಯ ನೀತಿಯೋ ಸಮೀಕ್ಷೆಯೋ ಗಲಾಟೆಯೋ. ಧಾಟಿಯ ಅಂಕವನ್ನು ಬೇರೆ ಬೇರೆ ಅಭ್ಯರ್ಥಿಯನ್ನು ಇಷ್ಟಪಡುವ ಇಬ್ಬರು ಒಬ್ಬರದನ್ನೊಬ್ಬರು ನೋಡದೆ ಹಾಕಬೇಕು. ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ಕಡೆ ಇಬ್ಬರ ಅಂಕ ತಾಳೆಯಾಗದಿದ್ದರೆ ನಿಮ್ಮ ಅಳತೆಗೋಲೇ ಸಡಿಲ. ಅದನ್ನು ಬಿಗಿ ಮಾಡಿಕೊಂಡು ಮತ್ತೆ ಶುರು ಮಾಡಿ. ರಾತ್ರಿ ಎಂಟರ ನಂತರದ ಅಭಿಪ್ರಾಯದ ಷೋಗಳನ್ನು ವಾರ್ತೆಯ ಲೆಕ್ಕಕ್ಕೆ ಬೆರೆಸಬೇಡಿ. ಬಹುತೇಕ ಹವ್ಯಾಸಿ ಲೆಕ್ಕಗಳು ಕೆಡುವುದು ಅಲ್ಲೇ.

ಕೊನೆಗೆ ಛೇದ ಯಾವುದು ಎಂಬ ಪ್ರಶ್ನೆ. ಶೇ 2ರಷ್ಟು ಬೆಂಬಲವಿರುವವರಿಗೂ ಶೇ 45 ಇರುವವರಿಗೂ ಸಮ ನಿಮಿಷ ಕೊಡುವುದು ನ್ಯಾಯವೇ? ನಮ್ಮ ಅಭಿಪ್ರಾಯದಲ್ಲಿ ಅಲ್ಲ. ಆದರೆ ಸಮೀಕ್ಷೆ ನೋಡಿಯೇ ನಿಮಿಷ ಹಂಚಿದರೆ, ನಿಮಿಷ ಸಿಗದ್ದರಿಂದ ಸಮೀಕ್ಷೆಯಲ್ಲಿ ಏಳದವರು ಏಳುವುದೇ ಇಲ್ಲ. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಈ ಗಂಟು ಬಿಡಿಸಿದವರು ಯಾರೂ ಇಲ್ಲ.

ಪಕ್ಷಪಾತ ಇಲ್ಲದೆಯೂ ಅನ್ಯಾಯವಾಗಬಹುದೇ?

ಧಾರಾಳವಾಗಿ. 2004ರ ಜನವರಿ 19ರ ರಾತ್ರಿ ಅಯೋವಾ ಕಾಕಸ್‌ನಲ್ಲಿ ಮೂರನೆಯವರಾದ ಡೆಮಾಕ್ರಟಿಕ್ ಅಭ್ಯರ್ಥಿ ಹೊವಾರ್ಡ್ ಡೀನ್ ತಮ್ಮ ಬೆಂಬಲಿಗರ ಮುಂದೆ ರಾಜ್ಯಗಳ ಹೆಸರು ಕೂಗುತ್ತಾ ಹೋಗಿ ಒಂದು ಕಿರುಚು ಹಾಕಿದರು. ಸಭಾಂಗಣದಲ್ಲಿ ಕಿವಿಗಡಚಿಕ್ಕುವ ಗದ್ದಲ. ಅಲ್ಲಿದ್ದ ಅನೇಕರಿಗೆ ಆ ಕಿರುಚು ಕೇಳಿಸಲೂ ಇಲ್ಲ. ಆದರೆ ಅವರ ಕೈಯಲ್ಲಿದ್ದ ಮೈಕು ಸುತ್ತಲಿನ ಸದ್ದನ್ನು ಸೋಸಿ ಬಾಯಿಯ ದನಿಯನ್ನಷ್ಟೇ ಹಿಡಿಯುವಂಥದ್ದು. ಟೀವಿಗೆ ಹೋದ ಧ್ವನಿಯಲ್ಲಿ ಜನಸಂದಣಿಯೇ ಇಲ್ಲ, ಒಬ್ಬ ಮನುಷ್ಯ ಮೌನದಲ್ಲಿ ಅರಚಿದಂತೆ ಕೇಳಿತು. ನಾಲ್ಕೇ ದಿನದಲ್ಲಿ ರಾಷ್ಟ್ರೀಯ ಚಾನೆಲ್‌ಗಳಲ್ಲಿ ಅದು 600ಕ್ಕೂ ಹೆಚ್ಚು ಸಲ ಬಂತು. ಯಾರೂ ಡೀನ್ ಅವರನ್ನು ಮುಗಿಸಬೇಕೆಂದು ಕೂತಿರಲಿಲ್ಲ. ಅವರು ಸೋತದ್ದು ಕಿರುಚಿಗಿಂತ ಮೊದಲೇ ಎಂಬುದನ್ನೂ ಮರೆಯಬಾರದು.

ಇನ್ನೊಂದು ರೋಗ ‘ನಿರೀಕ್ಷೆ’ಯದು. 1968ರ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಸುಮಾರು ಶೇ 49, ಯೂಜೀನ್ ಮೆಕಾರ್ಥಿ ಶೇ 42. ಪತ್ರಿಕೆಗಳ ಪಾಲಿಗೆ ಗೆದ್ದವರು ಮೆಕಾರ್ಥಿ. 1992ರಲ್ಲಿ ಅದೇ ರಾಜ್ಯದಲ್ಲಿ ಪಾಲ್ ಸಾಂಗಸ್ ಗೆದ್ದರು, ಸುದ್ದಿಯಾದವರು ಎರಡನೆಯವರಾದ ಬಿಲ್ ಕ್ಲಿಂಟನ್. ಗೆರೆ ಎಳೆಯುವವರು ವರದಿಗಾರರು, ಗೆರೆ ದಾಟಿದರೋ ಇಲ್ಲವೋ ಎಂದು ತೀರ್ಪು ಕೊಡುವವರೂ ಅವರೇ.

ಒಂದು ರಾಜ್ಯ ಗೆದ್ದರೂ ಡೆಲಿಗೇಟ್ ಸಮಸಮ ಬರುವುದು ಏಕೆ? ಇದು ಮೋಸವಲ್ಲವೇ?

ಮೋಸವಲ್ಲ, ಭಾಗಾಕಾರ. ಡೆಮಾಕ್ರಟಿಕ್ ನಿಯಮದಲ್ಲಿ ಶೇ 15ಕ್ಕಿಂತ ಕಡಿಮೆ ಪಡೆದವರಿಗೆ ಡೆಲಿಗೇಟ್ ಇಲ್ಲ. ಉಳಿದವರ ನಡುವೆ ಮತದ ಅನುಪಾತದಲ್ಲಿ ಹಂಚಿಕೆ. ಈ ಲೆಕ್ಕ ಇಡೀ ರಾಜ್ಯಕ್ಕೊಮ್ಮೆ, ಪ್ರತಿ ಸಂಸತ್ ಕ್ಷೇತ್ರಕ್ಕೊಮ್ಮೆ ಬೇರೆ ಬೇರೆಯಾಗಿ ನಡೆಯುತ್ತದೆ.

6 ಡೆಲಿಗೇಟ್ ಇರುವ ಕ್ಷೇತ್ರದಲ್ಲಿ ಎ ಅವರಿಗೆ ಶೇ 55, ಬಿ ಅವರಿಗೆ 31, ಸಿ ಅವರಿಗೆ 14 ಎಂದಿಟ್ಟುಕೊಳ್ಳಿ. ಸಿ ಹೊರಗೆ. ಉಳಿದದ್ದು 86. ಎ ಪಾಲು 55 ಭಾಗಿಸು 86 ಗುಣಿಸು 6, ಅಂದರೆ 3.84. ಬಿ ಪಾಲು 2.16. ಪೂರ್ಣಾಂಕ 3 ಮತ್ತು 2 ಮೊದಲು ಹೋಗುತ್ತವೆ, ಉಳಿದ ಒಂದು ದೊಡ್ಡ ಶೇಷವಿರುವ ಎ ಅವರಿಗೆ. ಕೊನೆಗೆ 4–2.

ಈಗ 4 ಡೆಲಿಗೇಟ್ ಕ್ಷೇತ್ರ, ಇಬ್ಬರೇ ಅಭ್ಯರ್ಥಿ, 62–38. ಪಾಲು 2.48 ಮತ್ತು 1.52. ಹಂಚಿಕೆ 2–2! ಶೇ 62.5 ದಾಟಿದರೆ ಮಾತ್ರ 3–1. ಬೆಸಸಂಖ್ಯೆಯ ಕ್ಷೇತ್ರದಲ್ಲಾದರೆ 51–49ಕ್ಕೇ ಒಂದು ಹೆಚ್ಚು ಸಿಗುತ್ತದೆ. ಸಮಸಂಖ್ಯೆ, ಬೆಸಸಂಖ್ಯೆಯ ಈ ಗುಟ್ಟು ಅರಿತು ಪ್ರಚಾರದ ದುಡ್ಡು ಸುರಿದವರು 2008ರ ಒಬಾಮಾ ತಂಡದವರು. ಆ ವರ್ಷ ನೆವಾಡಾ ಕಾಕಸ್‌ನಲ್ಲಿ ಕ್ಲಿಂಟನ್ ಶೇ 51–45ರಿಂದ ಮುಂದಿದ್ದರೂ ರಾಷ್ಟ್ರೀಯ ಡೆಲಿಗೇಟ್ ಒಬಾಮಾಗೆ 13, ಕ್ಲಿಂಟನ್‌ಗೆ 12. ಟೆಕ್ಸಸ್‌ನಲ್ಲಿ ಪ್ರೈಮರಿ ಗೆದ್ದವರು ಕ್ಲಿಂಟನ್. ಅದೇ ರಾಜ್ಯದ ಕಾಕಸ್ ಸೇರಿಸಿದಾಗ ಹೆಚ್ಚು ಡೆಲಿಗೇಟ್ ಒಬಾಮಾ ಅವರದು.

ಟೀವಿ ‘ಗೆಲುವು’ ಎಂದು ಕೂಗುವುದು ರಾಜ್ಯದ ಮತವನ್ನು ನೋಡಿ. ಪಕ್ಷ ಎಣಿಸುವುದು ಡೆಲಿಗೇಟ್. ಅರ್ಧ ಮನಸ್ತಾಪ ಈ ಎರಡು ಸ್ಕೋರ್‌ಬೋರ್ಡಿನದು.

ಸೂಪರ್‌ಡೆಲಿಗೇಟ್ ಲೆಕ್ಕವನ್ನು ಟೀವಿಯಲ್ಲಿ ಮೊದಲೇ ಸೇರಿಸಿ ತೋರಿಸಿದ್ದು ಸರಿಯೇ?

ಸರಿಯಲ್ಲ ಎಂಬುದೇ ನಮ್ಮ ನಿಲುವು. ಸೂಪರ್‌ಡೆಲಿಗೇಟ್ ಎಂದರೆ ಪಕ್ಷದ ಸಂಸದರು, ಗವರ್ನರ್‌ಗಳು, ಸಮಿತಿ ಸದಸ್ಯರು. ಜನರ ಮತಕ್ಕೆ ಬದ್ಧರಲ್ಲದ ಇವರು 2016ರಲ್ಲಿ 700ಕ್ಕೂ ಹೆಚ್ಚು ಇದ್ದರು. ಒಂದೂ ಮತ ಬೀಳುವ ಮೊದಲು, 2015ರ ನವೆಂಬರ್‌ನಲ್ಲೇ, ಸುದ್ದಿಸಂಸ್ಥೆ ಎಪಿ ನಡೆಸಿದ ಸಮೀಕ್ಷೆಯಲ್ಲಿ ಕ್ಲಿಂಟನ್‌ಗೆ 359 ಮಂದಿ, ಸ್ಯಾಂಡರ್ಸ್‌ಗೆ 8 ಮಂದಿ. ಫೆಬ್ರುವರಿಯಲ್ಲಿ ಸ್ಯಾಂಡರ್ಸ್ ನ್ಯೂ ಹ್ಯಾಂಪ್‌ಶೈರನ್ನು 60–38ರಿಂದ ಗೆದ್ದು 15–9 ಡೆಲಿಗೇಟ್ ಪಡೆದ ರಾತ್ರಿಯೂ ಪರದೆಯ ಮೇಲೆ ಕ್ಲಿಂಟನ್ ನೂರಾರು ಡೆಲಿಗೇಟ್‌ಗಳಿಂದ ಮುಂದೆ! ಅಂಕಿ ಸುಳ್ಳಲ್ಲ, ಜೋಡಿಸಿದ ರೀತಿ ತಪ್ಪು. ಸೂಪರ್‌ಡೆಲಿಗೇಟ್‌ಗಳು ಯಾವಾಗ ಬೇಕಾದರೂ ಮನಸ್ಸು ಬದಲಿಸಬಹುದಿತ್ತು. 2008ರಲ್ಲಿ ಹಲವರು ಕ್ಲಿಂಟನ್ ಕೈಬಿಟ್ಟು ಒಬಾಮಾ ಕಡೆ ಹೋದದ್ದು ಕಣ್ಣೆದುರೇ ಇತ್ತು.

2016ರ ಜೂನ್ 6ರ ಸಂಜೆ, ಕ್ಯಾಲಿಫೋರ್ನಿಯಾ ಮತದಾನದ ಹಿಂದಿನ ದಿನ, ಕ್ಲಿಂಟನ್ ಅಭ್ಯರ್ಥಿಯಾಗಲು ಬೇಕಾದ 2,383 ಡೆಲಿಗೇಟ್‌ಗಳ ಗೆರೆ ದಾಟಿದರು ಎಂದು ಎಪಿ ಘೋಷಿಸಿತು. ಲೆಕ್ಕ ಸರಿಯೇ ಇತ್ತು. ಬೆಳಗಾದರೆ ಮತ ಹಾಕಬೇಕಿದ್ದವರಿಗೆ ಮಾತ್ರ ಮುಖಕ್ಕೆ ಬಾಗಿಲು ಹಾಕಿದಂತಾಯಿತು, ಮತ್ತು ಕ್ಲಿಂಟನ್ ತಂಡಕ್ಕೂ ಆ ಸುದ್ದಿ ಹಿತವಾಗಿರಲಿಲ್ಲ. ತಮ್ಮವರೇ ಮತಗಟ್ಟೆಗೆ ಬರದೆ ಮನೆಯಲ್ಲಿ ಕೂತರೆ ಎಂಬ ಭಯ.

2018ರ ಆಗಸ್ಟ್‌ನಲ್ಲಿ ಷಿಕಾಗೊದಲ್ಲಿ ರಾಷ್ಟ್ರೀಯ ಸಮಿತಿ ನಿಯಮ ಬದಲಿಸಿತು. ಫಲಿತಾಂಶ ಮೊದಲೇ ಖಚಿತವಾಗಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಮೊದಲ ಸುತ್ತಿನಲ್ಲಿ ಸೂಪರ್‌ಡೆಲಿಗೇಟ್‌ಗಳಿಗೆ ಮತವಿಲ್ಲ.

ಡಿಬೇಟ್‌ಗೆ ಯಾರು ಬರಬೇಕು, ಎಷ್ಟು ನಡೆಯಬೇಕು ಎಂಬುದನ್ನು ನಿರ್ಧರಿಸುವವರು ಯಾರು?

ಪಕ್ಷದ ರಾಷ್ಟ್ರೀಯ ಸಮಿತಿ, ಚಾನೆಲ್ ಜೊತೆ ಚೌಕಾಸಿ ಮಾಡಿ. 2015ರಲ್ಲಿ ಡೆಮಾಕ್ರಟಿಕ್ ಸಮಿತಿ ಮೊದಲಿಗೆ 6 ಡಿಬೇಟ್ ಮಾತ್ರ ಎಂದಿತು; ಹೊರಗೆ ಬೇರೆ ಡಿಬೇಟ್‌ಗೆ ಹೋದವರಿಗೆ ಇಲ್ಲಿ ಪ್ರವೇಶವಿಲ್ಲ ಎಂದೂ ಹೇಳಿತು. ಅದರಲ್ಲಿ ಎರಡು ಶನಿವಾರ ರಾತ್ರಿ (ನವೆಂಬರ್ 14, ಡಿಸೆಂಬರ್ 19), ಒಂದು ಭಾನುವಾರ (ಜನವರಿ 17). ಕ್ರಿಸ್‌ಮಸ್‌ಗೆ ಆರು ದಿನವಿರುವಾಗ ಶನಿವಾರ ರಾತ್ರಿ ಟೀವಿ ಮುಂದೆ ಕೂರುವವರು ಎಷ್ಟು ಜನ? ಪರಿಚಿತ ಮುಖಕ್ಕೆ ಇದರಿಂದ ನಷ್ಟವಿಲ್ಲ, ಹೊಸ ಮುಖಕ್ಕೆ ಪೂರ್ತಿ ನಷ್ಟ. ಕೂಗು ಹೆಚ್ಚಾದ ಮೇಲೆ ಇನ್ನಷ್ಟು ಸೇರಿಸಿದರು, ಒಟ್ಟು 9 ನಡೆದವು. ಅಷ್ಟರಲ್ಲಿ ಅನುಮಾನ ಬೇರೂರಿತ್ತು.

ರಿಪಬ್ಲಿಕನ್ನರಲ್ಲಿ ತೊಂದರೆ ಬೇರೆ. 2015ರ ಆಗಸ್ಟ್ 6ರ ಮೊದಲ ಡಿಬೇಟ್‌ಗೆ ಫಾಕ್ಸ್ ನ್ಯೂಸ್ ಐದು ರಾಷ್ಟ್ರೀಯ ಸಮೀಕ್ಷೆಗಳ ಸರಾಸರಿ ತೆಗೆದು ಮೊದಲ 10 ಮಂದಿಯನ್ನು ಮುಖ್ಯ ವೇದಿಕೆಗೆ, ಉಳಿದ 7 ಮಂದಿಯನ್ನು ಸಂಜೆ ಐದರ ಖಾಲಿ ಸಭಾಂಗಣಕ್ಕೆ ಕಳಿಸಿತು. 400 ಜನರ ಸಮೀಕ್ಷೆಯಲ್ಲಿ ಶೇ 3 ಪಡೆದವರ ನಿಜವಾದ ಬೆಂಬಲ ಶೇ 1.3ರಿಂದ 4.7ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಹತ್ತನೆಯವರು, ಹನ್ನೊಂದನೆಯವರು ಎಂಬ ಭೇದಕ್ಕೆ ಸಮೀಕ್ಷೆಯಲ್ಲಿ ಆ ಸೂಕ್ಷ್ಮವೇ ಇಲ್ಲ.

2019ರಲ್ಲಿ ಡೆಮಾಕ್ರಟಿಕ್ ಸಮಿತಿ ಪಾಠ ಕಲಿತಂತೆ ಕಂಡಿತು. ಮೂರು ಸಮೀಕ್ಷೆಗಳಲ್ಲಿ ಶೇ 1 ಅಥವಾ 65,000 ದಾನಿಗಳು (ಕನಿಷ್ಠ 20 ರಾಜ್ಯಗಳಲ್ಲಿ ತಲಾ 200) ಇದ್ದರೆ ವೇದಿಕೆ. ಮಯಾಮಿಯಲ್ಲಿ ಎರಡು ರಾತ್ರಿ, ತಲಾ 10 ಮಂದಿ. ಮುಂದೆ ಮಿತಿ ಏರುತ್ತಾ ಹೋಯಿತು. ಡಿಸೆಂಬರ್‌ನಲ್ಲಿ ಕೋರಿ ಬೂಕರ್ ಮುಂತಾದವರು ಸಡಿಲಿಸಿ ಎಂದಾಗ ಸಮಿತಿ ಒಪ್ಪಲಿಲ್ಲ. 2020ರ ಜನವರಿ 31ರಂದು ದಾನಿಗಳ ಷರತ್ತನ್ನೇ ಕೈಬಿಟ್ಟಿತು. ಅದರ ಲಾಭ ಸಿಕ್ಕಿದ್ದು ಯಾರಿಂದಲೂ ದೇಣಿಗೆ ಪಡೆಯದೆ ಸ್ವಂತ ಹಣದಲ್ಲಿ ನಡೆದಿದ್ದ ಕೋಟ್ಯಧೀಶ ಮೈಕೆಲ್ ಬ್ಲೂಮ್‌ಬರ್ಗ್ ಅವರಿಗೆ. ಹೊಸ ನಿಯಮದಲ್ಲಿ ಅರ್ಥವಿತ್ತೋ ಏನೋ. ನಡುವೆ ಬದಲಿಸಿದ ಮೇಲೆ ಅದನ್ನು ಕೇಳುವವರು ಯಾರು?

ಎಚ್‌1ಬಿ ವೀಸಾದಲ್ಲಿರುವ ಕನ್ನಡಿಗರು ಒಂದು ಡಾಲರ್ ಕಳಿಸಿ ಇಷ್ಟದ ಅಭ್ಯರ್ಥಿಯನ್ನು ಡಿಬೇಟ್‌ಗೆ ಏರಿಸಬಹುದೇ?

ಬೇಡ. ಒಂದು ಡಾಲರ್ ಆದರೂ ಕಾನೂನುಬಾಹಿರ. ವಿದೇಶಿ ಪ್ರಜೆಗಳು ಅಮೆರಿಕದ ಯಾವ ಚುನಾವಣೆಗೂ ದೇಣಿಗೆ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಕೊಡಬಹುದು, ಮತ ಹಾಕುವಂತಿಲ್ಲ. ಸಂಬಳವಿಲ್ಲದ ಸ್ವಯಂಸೇವೆಗೆ ಅಡ್ಡಿಯಿಲ್ಲ. ಪೌರತ್ವ ಪಡೆದವರು ತಮ್ಮ ರಾಜ್ಯದ ಪ್ರೈಮರಿ ಮುಚ್ಚಿದ್ದೋ (ಪಕ್ಷಕ್ಕೆ ನೋಂದಾಯಿಸಿಕೊಂಡವರಿಗೆ ಮಾತ್ರ) ತೆರೆದದ್ದೋ ನೋಡಿಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ ‘ಪಕ್ಷವಿಲ್ಲ’ ಎಂದು ನೋಂದಾಯಿಸಿಕೊಂಡವರಿಗೆ ತಾವಾಗಿ ಕೇಳದಿದ್ದರೆ ಅಧ್ಯಕ್ಷೀಯ ಅಭ್ಯರ್ಥಿಗಳ ಹೆಸರಿಲ್ಲದ ಮತಪತ್ರವೇ ಕೈಗೆ ಬರುತ್ತದೆ.

ಹಾಗಾದರೆ 2016ರ ಡೆಮಾಕ್ರಟಿಕ್ ಸ್ಪರ್ಧೆಯಲ್ಲಿ ಮೋಸ ನಡೆಯಿತೇ?

ಪಕ್ಷದ ಕಚೇರಿ ತಟಸ್ಥವಾಗಿರಲಿಲ್ಲ. ಜುಲೈ 22ರಂದು ವಿಕಿಲೀಕ್ಸ್ ಹೊರಹಾಕಿದ ಸುಮಾರು 20,000 ಇಮೇಲ್‌ಗಳಲ್ಲಿ ಸಿಬ್ಬಂದಿ ಸ್ಯಾಂಡರ್ಸ್ ಬಗ್ಗೆ ಆಡಿಕೊಂಡದ್ದು ಬಯಲಾಯಿತು. ಫಿಲಡೆಲ್ಫಿಯಾ ಅಧಿವೇಶನದ ಹಿಂದಿನ ದಿನ ಸಮಿತಿಯ ಅಧ್ಯಕ್ಷೆ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್ ರಾಜೀನಾಮೆ ಘೋಷಿಸಿದರು. ಅವರ ಜಾಗಕ್ಕೆ ಬಂದ ಡೊನಾ ಬ್ರೆಜಿಲ್, ಸಿಎನ್‌ಎನ್ ವಿಶ್ಲೇಷಕಿಯಾಗಿದ್ದಾಗ ಕಾರ್ಯಕ್ರಮದ ಪ್ರಶ್ನೆಯನ್ನು ಕ್ಲಿಂಟನ್ ತಂಡಕ್ಕೆ ಮೊದಲೇ ದಾಟಿಸಿದ್ದು ಅಕ್ಟೋಬರ್‌ನಲ್ಲಿ ಹೊರಬಿತ್ತು. ಚಾನೆಲ್ ಅವರ ಸಂಬಂಧ ಕಡಿದುಕೊಂಡಿತು. ಮಾಧ್ಯಮದ ನ್ಯಾಯ, ಪಕ್ಷದ ಒಗ್ಗಟ್ಟು ಎರಡಕ್ಕೂ ಏಕಕಾಲಕ್ಕೆ ಏಟು ಬಿದ್ದದ್ದು ಇಲ್ಲಿ.

ಆದರೆ ಮತ ಕದ್ದರು ಎನ್ನುವುದಕ್ಕೆ ಆಧಾರವಿಲ್ಲ. ಒಟ್ಟು ಮತದಲ್ಲಿ ಕ್ಲಿಂಟನ್ ಸುಮಾರು 1.69 ಕೋಟಿ, ಸ್ಯಾಂಡರ್ಸ್ ಸುಮಾರು 1.32 ಕೋಟಿ. ಇಮೇಲ್‌ಗಳಲ್ಲಿ ಹೆಚ್ಚು ಕುಖ್ಯಾತವಾದವು ಏಪ್ರಿಲ್, ಮೇ ತಿಂಗಳವು; ಅಷ್ಟು ಹೊತ್ತಿಗೆ ಡೆಲಿಗೇಟ್ ಅಂತರ ಮುಚ್ಚಲಾಗದಷ್ಟು ಬೆಳೆದಿತ್ತು. ಅಂಪೈರ್ ಒಂದು ತಂಡದ ಜೆರ್ಸಿ ಒಳಗೆ ಹಾಕಿಕೊಂಡಿದ್ದ. ಆ ತಂಡ ಗೆದ್ದದ್ದು ಮಾತ್ರ ರನ್ನಿನಿಂದಲೇ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಲು ಯಾವ ಬಣಕ್ಕೂ ಇಷ್ಟವಿಲ್ಲ.

2008ರಲ್ಲಿ ಫ್ಲಾರಿಡಾ, ಮಿಷಿಗನ್ ಗಲಾಟೆ ಏನು?

ಎರಡೂ ರಾಜ್ಯಗಳು ಪಕ್ಷದ ವೇಳಾಪಟ್ಟಿ ಮುರಿದು ಪ್ರೈಮರಿಯನ್ನು ಜನವರಿಗೆ ಎಳೆದುಕೊಂಡವು. ಸಮಿತಿ ಶಿಕ್ಷೆಯಾಗಿ ಅವುಗಳ ಎಲ್ಲ ಡೆಲಿಗೇಟ್ ಕಿತ್ತುಹಾಕಿತು. ಮಿಷಿಗನ್ ಮತಪತ್ರದಿಂದ ಒಬಾಮಾ ತಮ್ಮ ಹೆಸರು ತೆಗೆಸಿದರು, ಕ್ಲಿಂಟನ್ ಉಳಿಸಿಕೊಂಡರು. ಸ್ಪರ್ಧೆ ಬಿಗಿಯಾದಾಗ ಆ ಡೆಲಿಗೇಟ್ ಮತ್ತೆ ಬೇಕಾದವು. ಮೇ 31ರಂದು ನಿಯಮ ಸಮಿತಿ ಕೂತು ಎರಡೂ ರಾಜ್ಯದ ಡೆಲಿಗೇಟ್‌ಗಳಿಗೆ ತಲಾ ಅರ್ಧ ಮತ ಕೊಟ್ಟಿತು. ಮಿಷಿಗನ್ ಪಾಲು ಕ್ಲಿಂಟನ್‌ಗೆ 69, ಹೆಸರೇ ಇಲ್ಲದಿದ್ದ ಒಬಾಮಾಗೆ 59. ಕ್ಲಿಂಟನ್ ಕಡೆಯವರು ನಾಲ್ಕು ಡೆಲಿಗೇಟ್ ಕಸಿದರು ಎಂದು ಅರಚಿದರು. ಒಬಾಮಾ ಗೆದ್ದಾದ ಮೇಲೆ ಅಧಿವೇಶನದಲ್ಲಿ ಎಲ್ಲರಿಗೂ ಪೂರ್ತಿ ಮತ ಮರಳಿಸಿದರು. ಲೆಕ್ಕ ಬದಲಾಗದು ಎಂದು ಖಾತ್ರಿಯಾದಾಗ ಔದಾರ್ಯ ಸುಲಭ.

ಅಷ್ಟು ಕಹಿಯಾಗಿದ್ದರೂ 2008ರಲ್ಲಿ ಪಕ್ಷ ಒಂದಾದದ್ದು ಹೇಗೆ?

ಭಾಷಣದಿಂದಲ್ಲ, ಕ್ರಮದಿಂದ. ಜೂನ್ 3ರಂದು ಒಬಾಮಾ ಗೆರೆ ದಾಟಿದರು. ಕ್ಲಿಂಟನ್ ಅಂದೇ ಕೈಮುಗಿಯಲಿಲ್ಲ. ನಾಲ್ಕು ದಿನ ಬಿಟ್ಟು, ಜೂನ್ 7ರಂದು ತಮ್ಮವರ ಮುಂದೆ ನಿಂತು ಬೆಂಬಲ ಘೋಷಿಸಿದರು. ಆ ನಾಲ್ಕು ದಿನ ಟೀವಿಯವರು ‘ಇನ್ನೂ ಏಕಿಲ್ಲ’ ಎಂದು ಕಾಡಿದರು, ಆದರೆ ಸೋತ ಪಾಳೆಯಕ್ಕೆ ಉಸಿರು ಬಿಡಲು ಅಷ್ಟಾದರೂ ಬೇಕು. ಜೂನ್ 27ರಂದು ಇಬ್ಬರೂ ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ ಎಂಬ ಊರಲ್ಲಿ ಒಂದೇ ವೇದಿಕೆ ಏರಿದರು. ಊರಿನ ಹೆಸರಿನ ಅರ್ಥವೇ ಒಗ್ಗಟ್ಟು, ಮೇಲಾಗಿ ಪ್ರೈಮರಿಯಲ್ಲಿ ಅಲ್ಲಿ ಇಬ್ಬರಿಗೂ ಬಿದ್ದದ್ದು ತಲಾ 107 ಮತ. ತೆರೆಮರೆಯಲ್ಲಿ ಹಣದ ಮಾತು: ಕ್ಲಿಂಟನ್ ಪ್ರಚಾರದ ಸಾಲ 2 ಕೋಟಿ ಡಾಲರ್ ಮೀರಿತ್ತು, ತೀರಿಸಲು ನೆರವಾಗಿ ಎಂದು ಒಬಾಮಾ ತಮ್ಮ ದಾನಿಗಳನ್ನು ಕೇಳಿದರು. ನಂತರ ಕ್ಲಿಂಟನ್‌ಗೆ ವಿದೇಶಾಂಗ ಖಾತೆ.

‘ಪೂಮಾ’ ಎಂಬ ಕ್ಲಿಂಟನ್ ಬೆಂಬಲಿಗರ ಗುಂಪು ಒಗ್ಗಟ್ಟಿಗೆ ಧಿಕ್ಕಾರ ಹೇಳಿ ಬೇಸಿಗೆಯಿಡೀ ಸುದ್ದಿಯಾಯಿತು. ಕ್ಯಾಮೆರಾಕ್ಕೆ ಜಗಳವೇ ರುಚಿ. ನವೆಂಬರ್‌ನಲ್ಲಿ ಮತಗಟ್ಟೆ ಸಮೀಕ್ಷೆ ಪ್ರಕಾರ ಡೆಮಾಕ್ರಟರಲ್ಲಿ ಸುಮಾರು ಶೇ 89 ಒಬಾಮಾಗೇ ಹಾಕಿದರು. 2016ರಲ್ಲಿ ಸ್ಯಾಂಡರ್ಸ್ ಮತದಾರರಲ್ಲಿ ಸುಮಾರು ಶೇ 12 ಟ್ರಂಪ್‌ಗೆ ಹೋದರು ಎಂದು ದೊಡ್ಡ ಮಟ್ಟದ ಶೈಕ್ಷಣಿಕ ಸಮೀಕ್ಷೆಯೊಂದರ ಅಂದಾಜು. ಅವರಲ್ಲಿ ಅನೇಕರು ಮೊದಲಿನಿಂದಲೂ ಡೆಮಾಕ್ರಟರಾಗಿರಲಿಲ್ಲ.

‘ಪ್ರಚಾರ ಸ್ಥಗಿತ’ ಎನ್ನುತ್ತಾರೆ, ‘ಕಣದಿಂದ ಹಿಂದೆ ಸರಿದೆ’ ಎನ್ನುವುದಿಲ್ಲ. ಏಕೆ?

ಸಾಲ ತೀರಿಸಲು ದೇಣಿಗೆ ಎತ್ತುತ್ತಿರಬೇಕು, ಡೆಲಿಗೇಟ್‌ಗಳೂ ಕೈಬಿಡಬಾರದು. ಪಕ್ಷದ ನಿಯಮದಲ್ಲಿ ಕಣ ಬಿಟ್ಟವರು ರಾಜ್ಯಮಟ್ಟದ ಡೆಲಿಗೇಟ್‌ಗಳಲ್ಲಿ ಪಾಲು ಕಳೆದುಕೊಳ್ಳಬಹುದು. 2020ರ ಏಪ್ರಿಲ್ 8ರಂದು ನಿಲ್ಲಿಸಿದ ಸ್ಯಾಂಡರ್ಸ್‌ಗೆ ಬೈಡನ್ ತಂಡ ಆ ಪಾಲನ್ನು ಬಿಟ್ಟುಕೊಟ್ಟಿತು. ಜೊತೆಗೆ ಹವಾಮಾನ, ಆರೋಗ್ಯ, ವಲಸೆ ಮುಂತಾದ ಆರು ವಿಷಯಗಳಿಗೆ ಎರಡೂ ಕಡೆಯವರ ಜಂಟಿ ಕಾರ್ಯಪಡೆ ಮಾಡಿ, ಜುಲೈಯಲ್ಲಿ 110 ಪುಟದ ಶಿಫಾರಸು ಹೊರಬಂತು. ಸೋತವರಿಗೆ ವೇದಿಕೆಯ ಕುರ್ಚಿಗಿಂತ ದಾಖಲೆಯಲ್ಲಿ ಒಂದು ಪ್ಯಾರಾ ಹೆಚ್ಚು ಬೆಲೆಯದು.

ಸೋತವರು ಪಕ್ಷೇತರರಾಗಿ ನಿಲ್ಲಬಾರದೇ? ಬಂಡಾಯ ಅಭ್ಯರ್ಥಿಗಳು ಏಕೆ ಕಾಣುವುದಿಲ್ಲ?

ಪ್ರೈಮರಿಯಲ್ಲಿ ಸೋತವರ ಹೆಸರನ್ನು ಅದೇ ವರ್ಷ ಬೇರೆ ಪಟ್ಟಿಯಲ್ಲಿ ಮುದ್ರಿಸಲು ಬಹುತೇಕ ರಾಜ್ಯಗಳ ಕಾನೂನು ಅಡ್ಡ ಬರುತ್ತದೆ. ಅಧ್ಯಕ್ಷ ಸ್ಥಾನಕ್ಕೂ ಅದು ಅನ್ವಯವೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬಂಡಾಯದ ಬೆಲೆ 1912ರಲ್ಲೇ ಗೊತ್ತಾಗಿತ್ತು: ತಮ್ಮದೇ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಟಾಫ್ಟ್ ವಿರುದ್ಧ ಮುನಿದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹೊಸ ಪಕ್ಷ ಕಟ್ಟಿದರು, ಗೆದ್ದವರು ವುಡ್ರೋ ವಿಲ್ಸನ್.

ಬಾಂಡ್ ಬರೆಸಿಕೊಳ್ಳುವುದರಿಂದ ಆಗುವುದು ಕಡಿಮೆ. 2015ರ ಸೆಪ್ಟೆಂಬರ್ 3ರಂದು ಟ್ರಂಪ್, ಪಕ್ಷದ ಅಭ್ಯರ್ಥಿ ಯಾರೇ ಆದರೂ ಬೆಂಬಲಿಸುವ ನಿಷ್ಠೆಯ ಪ್ರತಿಜ್ಞೆಗೆ ಸಹಿ ಹಾಕಿದರು, 2016ರ ಮಾರ್ಚ್‌ನಲ್ಲಿ ಇನ್ನು ಬದ್ಧನಲ್ಲ ಎಂದರು. ಅದೇ ಪ್ರತಿಜ್ಞೆ ಮಾಡಿದ್ದ ಟೆಡ್ ಕ್ರೂಜ್ ಕ್ಲೀವ್‌ಲ್ಯಾಂಡ್ ಅಧಿವೇಶನದಲ್ಲಿ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ಹೇಳಿ ಛೀಮಾರಿ ಹಾಕಿಸಿಕೊಂಡರು.

ಸ್ಪರ್ಧೆ ದೀರ್ಘವಾದರೆ ಪಕ್ಷ ಸೋಲುತ್ತದೆಯೇ?

1976ರಲ್ಲಿ ಅಧ್ಯಕ್ಷ ಫೋರ್ಡ್ ಪಕ್ಷದೊಳಗೆ ರೇಗನ್ ವಿರುದ್ಧ 1,187–1,070 ಡೆಲಿಗೇಟ್‌ಗಳಿಂದ ಹೇಗೋ ಗೆದ್ದು ನವೆಂಬರ್‌ನಲ್ಲಿ ಸೋತರು. 1980ರಲ್ಲಿ ಅಧ್ಯಕ್ಷ ಕಾರ್ಟರ್, ಟೆಡ್ ಕೆನಡಿ ಜೊತೆ ಸೆಣಸಿ ಪಕ್ಷದೊಳಗೆ ಗೆದ್ದರೂ ನವೆಂಬರ್‌ನಲ್ಲಿ ಸೋತರು. ಆದರೆ ಅಧಿಕಾರದಲ್ಲಿದ್ದವರು ದುರ್ಬಲರಾಗಿದ್ದರಿಂದಲೇ ಎದುರಾಳಿ ಹುಟ್ಟಿದ್ದು. ಜ್ವರವನ್ನೇ ರೋಗದ ಕಾರಣ ಎಂದಂತೆ ಈ ವಾದ. 2008ರದು ಜೂನ್‌ವರೆಗೆ ಎಳೆದ ಸ್ಪರ್ಧೆ, ಪಕ್ಷ ಗೆದ್ದಿತು. ತಡವಾಗಿ ಮತ ಹಾಕುವ ರಾಜ್ಯಗಳಲ್ಲೂ ಆ ವರ್ಷ ಹೊಸ ಮತದಾರರ ನೋಂದಣಿ, ಕಾರ್ಯಕರ್ತರ ಪಟ್ಟಿ ಸಿದ್ಧವಾದದ್ದು ಆ ಎಳೆದಾಟದಿಂದಲೇ.

ಅಧಿವೇಶನದ ರೋಲ್ ಕಾಲ್ ನೋಡುವಾಗ ಏನು ಗಮನಿಸಬೇಕು?

ರಾಜ್ಯಗಳ ಹೆಸರು ಒಂದೊಂದಾಗಿ ಕರೆದು ಡೆಲಿಗೇಟ್ ಮತ ಕೇಳುವ ಈ ಎಣಿಕೆಯಲ್ಲಿ ಯಾವ ರಾಜ್ಯ ‘ಪಾಸ್’ (ಆಮೇಲೆ ಹೇಳುತ್ತೇವೆ) ಎನ್ನುತ್ತದೆ, ಯಾವುದು ತನ್ನ ಸರದಿ ಬಿಟ್ಟುಕೊಡುತ್ತದೆ ನೋಡಿ. ಅದು ಗೊಂದಲವಲ್ಲ, ಮೊದಲೇ ಮಾಡಿಕೊಂಡ ಒಪ್ಪಂದ. 2008ರ ಆಗಸ್ಟ್ 27ರಂದು ಡೆನ್ವರ್‌ನಲ್ಲಿ ನ್ಯೂ ಮೆಕ್ಸಿಕೊ ತನ್ನ ಸರದಿಯನ್ನು ಇಲಿನಾಯ್‌ಗೆ ಬಿಟ್ಟಿತು, ಇಲಿನಾಯ್ ನ್ಯೂಯಾರ್ಕ್‌ಗೆ. ಅಲ್ಲಿ ನಿಂತಿದ್ದ ಕ್ಲಿಂಟನ್ ಎಣಿಕೆ ನಿಲ್ಲಿಸಿ ಒಬಾಮಾ ಅವರನ್ನು ಒಕ್ಕೊರಲಿನಿಂದ ಆರಿಸೋಣ ಎಂದರು. ಎಣಿಕೆ ಶುರುವಾಗಿದ್ದರಿಂದ ಅವರ ಡೆಲಿಗೇಟ್‌ಗಳಿಗೆ ಮತ ಹಾಕಿದ ಸಮಾಧಾನ, ಮುಗಿಯದ್ದರಿಂದ ಅಂತರದ ಅಂಕಿ ಪರದೆ ಮೇಲೆ ಉಳಿಯಲಿಲ್ಲ. 2016ರಲ್ಲಿ ಸ್ಯಾಂಡರ್ಸ್ ಬೇರೆ ದಾರಿ ಹಿಡಿದರು: ತವರು ವರ್ಮಾಂಟ್ ಪಾಸ್ ಎಂದು ಕೊನೆಗೆ ಬಂತು, ಅಷ್ಟರೊಳಗೆ ಉಳಿದೆಲ್ಲ ರಾಜ್ಯಗಳಲ್ಲೂ ಅವರ ಹೆಸರಿಗೆ ಬಿದ್ದ ಪ್ರತಿ ಮತವನ್ನು ಗಟ್ಟಿಯಾಗಿ ಓದಿ ಆಗಿತ್ತು. ಆ ಮತಗಳೆಲ್ಲ ದಾಖಲೆಯಲ್ಲಿ ಉಳಿಯಲಿ ಎಂದು ಹೇಳಿದ ಮೇಲೆಯೇ ಅವರು ಕ್ಲಿಂಟನ್ ಹೆಸರು ಸೂಚಿಸಿದ್ದು.